ಪೈಪ್ ಬ್ಯಾಂಡಿನಲ್ಲಿ ಕಲಿತ ಕಾಲಪ್ರಮಾಣ

ಶಾಲಾ ಸಂಚಿಕೆಗೆ ಬ್ಯಾಂಡಿನ ನೆನಪು ಬರೆಯಿರಿ ಎಂದರೆ ಹಳಬರು ಸಾಮಾನ್ಯವಾಗಿ ಕಿಲ್ಟಿನಿಂದ ಶುರುಮಾಡಿ ಪಥಸಂಚಲನಕ್ಕೆ ಬಂದು ನಿಲ್ಲುತ್ತಾರೆ. ಅದೆಲ್ಲ ಫೋಟೋಗಳಲ್ಲೇ ಇದೆ. ಫೋಟೋದಲ್ಲಿ ಕಾಣದ್ದು ಲಯ. ಬ್ಯಾಂಡ್ ರೂಮಿನಲ್ಲಿ ನಮ್ಮ ಮೇಷ್ಟ್ರು ಹೆಚ್ಚು ಹೊತ್ತು ಕೊಟ್ಟದ್ದು ಅದಕ್ಕೇ. ಬೆರಳಿನ ವೇಗ, ಹೊಸ ಟ್ಯೂನ್ ಎಲ್ಲ ಆಮೇಲೆ. ಅವರು ಹೇಳಿಕೊಟ್ಟದ್ದನ್ನು ಈಗ ಬ್ಯಾಂಡಿನಲ್ಲಿರುವವರ ಉಪಯೋಗಕ್ಕೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಬ್ಯಾಗ್‌ಪೈಪಿನ ಮುಖ್ಯ ತೊಂದರೆ ಅದು ಸುಮ್ಮನಾಗುವುದಿಲ್ಲ ಎಂಬುದು. ಚೀಲದಲ್ಲಿ ಒತ್ತಡ ಇರುವ ತನಕ ಚಾಂಟರ್ (ಬೆರಳಾಡಿಸಿ ಟ್ಯೂನ್ ನುಡಿಸುವ ಕೊಳವೆ) ನುಡಿಯುತ್ತಲೇ ಇರುತ್ತದೆ, ಹೆಗಲ ಮೇಲಿನ ಶ್ರುತಿ ಕೊಳವೆಗಳಾದ ಎರಡು ಟೆನರ್ ಡ್ರೋನ್, ಒಂದು ಬಾಸ್ ಡ್ರೋನ್ ಒಂದೇ ಸಮನೆ ಮೊರೆಯುತ್ತಿರುತ್ತವೆ. ಒಂದು ಸ್ವರವನ್ನು ಜೋರಾಗಿ, ಮುಂದಿನದನ್ನು ಮೆಲ್ಲಗೆ ನುಡಿಸಲು ಬರುವುದಿಲ್ಲ, ನಡುವೆ ವಿರಾಮವೂ ಸಿಗುವುದಿಲ್ಲ. ಕೊಳಲಿನವರಿಗೆ ನಾಲಿಗೆಯಿದೆ, ಪಿಟೀಲಿನವರಿಗೆ ಕಮಾನಿದೆ. ಪೆಟ್ಟು ಎಲ್ಲಿ ಬಿತ್ತು ಎಂದು ಕೇಳುವವರಿಗೆ ತಿಳಿಸಲು ಪೈಪರ್ ಹತ್ತಿರ ಇರುವುದು ಎರಡೇ ಸಾಧನ. ಒಂದು ಸ್ವರದ ಉದ್ದ, ಇನ್ನೊಂದು ಗ್ರೇಸ್‌ನೋಟ್, ಅಂದರೆ ಮುಖ್ಯ ಸ್ವರಕ್ಕೆ ಮೊದಲು ಕ್ಷಣಮಾತ್ರ ಬೆರಳಾಡಿಸಿ ಹಾಕುವ ಚುಟುಕು ಸ್ವರ.

ಗ್ರೇಸ್‌ನೋಟನ್ನು ಅಲಂಕಾರ ಎಂದುಕೊಂಡವರ ಲಯ ಎಂದೂ ನೆಟ್ಟಗಾಗುವುದಿಲ್ಲ. ಒಂದೇ ಸ್ವರ ಎರಡು ಸಲ ಬರಬೇಕಾದಾಗ ನಡುವೆ ಗ್ರೇಸ್‌ನೋಟ್ ಇಲ್ಲದಿದ್ದರೆ ಅದು ಒಂದೇ ಉದ್ದ ಸ್ವರವಾಗಿ ಕೇಳುತ್ತದೆ. ಪೆಟ್ಟಿನ ಮೇಲೆ ಬೀಳುವ ಜಿ ಗ್ರೇಸ್‌ನೋಟ್ (ಜಿ, ಡಿ, ಇ, ಎ ಇವು ಪಾಶ್ಚಾತ್ಯ ಸ್ವರಗಳ ಹೆಸರು) ಪೈಪಿನ ಮಟ್ಟಿಗೆ ಮೃದಂಗದ ಘಾತದ ಕೆಲಸ ಮಾಡುತ್ತದೆ. ಮೇಲಿನ ಕೈಯ ತೋರುಬೆರಳು ಏಳುವುದೂ ಪಾದ ನೆಲ ಮುಟ್ಟುವುದೂ ಒಂದೇ ಗಳಿಗೆಯಲ್ಲಿ ಆಗಬೇಕು. ಡಬ್ಲಿಂಗ್, ಅಂದರೆ ಒಂದೇ ಸ್ವರಕ್ಕೆ ಬೆನ್ನುಬೆನ್ನಿಗೆ ಹಾಕುವ ಗ್ರೇಸ್‌ನೋಟುಗಳ ಗುಚ್ಛ, ಬಂದಾಗ ಅದರ ಮೊದಲ ಗ್ರೇಸ್‌ನೋಟ್ ಪೆಟ್ಟಿನ ಮೇಲೆ ಬೀಳಬೇಕು. ಹೊಸಬರು ಡಬ್ಲಿಂಗನ್ನು ಪೂರ್ತಿ ಮುಗಿಸಿ ಪೆಟ್ಟಿಗೆ ತಲುಪಲು ನೋಡುತ್ತಾರೆ, ಹಾಗಾಗಿ ಪ್ರತಿ ಸಲವೂ ತುಸು ಮುಂಚೆ ಹೊರಡುತ್ತಾರೆ. ಡಿ ಥ್ರೋ, ಗ್ರಿಪ್, ಟಾರ್ಲುವಾ ಎಂಬ ಬೇರೆ ಗುಚ್ಛಗಳಲ್ಲಿ ಯಾವ ಭಾಗ ಪೆಟ್ಟಿಗೆ ಬೀಳಬೇಕು ಎಂಬುದರಲ್ಲಿ ಒಬ್ಬೊಬ್ಬ ಗುರುವಿನದು ಒಂದೊಂದು ಪಾಠ. ಯಾವುದು ಸರಿ ಎಂದು ವಾದಿಸುವುದಕ್ಕಿಂತ ಬ್ಯಾಂಡಿನ ಮುಖಂಡನಾದ ಪೈಪ್ ಮೇಜರ್ ಒಂದನ್ನು ಗೊತ್ತುಮಾಡಿ ಎಲ್ಲರೂ ಅದನ್ನೇ ನುಡಿಸುವುದು ಮೇಲು. ಹತ್ತು ಪೈಪರುಗಳ ಗ್ರೇಸ್‌ನೋಟ್ ಚೆದುರಿ ಬಿದ್ದರೆ ದೂರದಲ್ಲಿ ನಿಂತವರಿಗೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತದೆ.

ಇದಕ್ಕೆ ನಮ್ಮಲ್ಲಿದ್ದ ಅಭ್ಯಾಸ ತೀರ ಸರಳ, ತೀರ ಬೇಸರದ್ದು. ಪ್ರಾಕ್ಟೀಸ್ ಚಾಂಟರ್ (ಚೀಲವಿಲ್ಲದ ಅಭ್ಯಾಸದ ಕೊಳವೆ) ಹಿಡಿದು, ಗತಿ ತೋರಿಸುವ ಯಂತ್ರವಾದ ಮೆಟ್ರೊನೋಮನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು, ಲೋ ಎ ಸ್ವರವನ್ನು ಬಿಡದೆ ಊದುತ್ತ ಪ್ರತಿ ಪೆಟ್ಟಿಗೂ ಒಂದು ಜಿ ಗ್ರೇಸ್‌ನೋಟ್. ಸರಿಯಾಗಿ ಬಿದ್ದರೆ ಮೆಟ್ರೊನೋಮಿನ ಟಕ್ ಸದ್ದು ಗ್ರೇಸ್‌ನೋಟಿನೊಳಗೆ ಅಡಗಿಹೋಗುತ್ತದೆ. ಎರಡೂ ಬೇರೆ ಬೇರೆ ಕೇಳಿದರೆ ಇನ್ನೂ ಕೂತಿಲ್ಲ. ಆಮೇಲೆ ಡಿ, ಇ ಗ್ರೇಸ್‌ನೋಟುಗಳು, ಅದಾದ ಮೇಲೆ ಮೂರನ್ನೂ ಸಾಲಾಗಿ ಒಂದು ಪೆಟ್ಟಿಗೆ ಒಂದರಂತೆ. ಟ್ಯೂನ್ ಮುಟ್ಟುವ ಮೊದಲು ಇಷ್ಟಾಗಬೇಕು.

ಇನ್ನು ಓಟ. ಬ್ಯಾಂಡುಗಳ ಲಯ ಕೆಡುವುದು ನಿಧಾನವಾಗಿದ್ದರಿಂದಲ್ಲ, ಬಹುಪಾಲು ಓಡಿದ್ದರಿಂದ. ಓಡುವುದಕ್ಕೆ ಕಾರಣ ಚಿಕ್ಕ ಸ್ವರಗಳನ್ನು ವೇಗವಾಗಿ ನುಡಿಸುವುದು ಎಂದು ಎಲ್ಲರೂ ತಿಳಿಯುತ್ತಾರೆ. ಕಾರಣ ಅದಲ್ಲ, ಉದ್ದ ಸ್ವರಕ್ಕೆ ಅದರ ಪಾಲು ಕೊಡದಿರುವುದು. 2/4 ಮಾರ್ಚಿನಲ್ಲಿ, ಅಂದರೆ ಬಾರ್ ಎಂಬ ಒಂದೊಂದು ಆವರ್ತಕ್ಕೆ ಎರಡು ಪೆಟ್ಟು ಬರುವ ನಡಿಗೆಯ ಟ್ಯೂನಿನಲ್ಲಿ, ಒಂದು ಪೆಟ್ಟನ್ನು ಮೂರು ಪಾಲು ಉದ್ದ ಸ್ವರಕ್ಕೂ ಒಂದು ಪಾಲು ಚಿಕ್ಕ ಸ್ವರಕ್ಕೂ ಹಂಚುವುದು ಮಾಮೂಲು. ನಿಮಿಷಕ್ಕೆ 84 ಪೆಟ್ಟಿನ ಗತಿಯಲ್ಲಿ ಒಂದು ಪೆಟ್ಟು ಸುಮಾರು 0.71 ಸೆಕೆಂಡ್, ಅದರಲ್ಲಿ ಉದ್ದ ಸ್ವರಕ್ಕೆ 0.53, ಚಿಕ್ಕದಕ್ಕೆ 0.18. ಪೈಪರುಗಳು ಚಿಕ್ಕದನ್ನು ಇದಕ್ಕಿಂತಲೂ ಚಿಕ್ಕದಾಗಿ ಕತ್ತರಿಸುತ್ತಾರೆ, ಮಾರ್ಚಿನ ಮೊನಚು ಬರುವುದೇ ಅದರಿಂದ. ಆದರೆ ಕತ್ತರಿಸಿದ ಚೂರನ್ನು ಉದ್ದ ಸ್ವರಕ್ಕೆ ಸೇರಿಸಬೇಕು. ಸೇರಿಸದೆ ಬಿಟ್ಟರೆ ಪೆಟ್ಟೇ ಗಿಡ್ಡವಾಗುತ್ತದೆ. ಒಂದು ಪೆಟ್ಟಿಗೆ ನೂರರಲ್ಲಿ ಎರಡು ಪಾಲು ಕಳೆದರೂ ಯಾರಿಗೂ ಗೊತ್ತಾಗುವುದಿಲ್ಲ, ಟ್ಯೂನಿನ ನಾಲ್ಕನೇ ಪಾರ್ಟಿಗೆ (ಭಾಗಕ್ಕೆ) ಬರುವಾಗ ಸೈಡ್ ಡ್ರಮ್ಮಿನವರ ಮುಖ ನೋಡಿದರೆ ಗೊತ್ತಾಗುತ್ತದೆ.

ಓಟ ಹೆಚ್ಚು ಕಾಣುವುದು 4ನೇ ಮತ್ತು 8ನೇ ಬಾರಿನ ಕೊನೆಯಲ್ಲಿ. ವಾಕ್ಯ ಮುಗಿದು ಉದ್ದ ಸ್ವರ ಬರುತ್ತದೆ, ಬೆರಳಿಗೆ ಕೆಲಸವಿಲ್ಲ, ಮನಸ್ಸು ಮುಂದಿನ ಬಾರಿಗೆ ಜಿಗಿಯುತ್ತದೆ. ಅಲ್ಲಿ ಪಾದವನ್ನೇ ಕೇಳಿಸಿಕೊಳ್ಳಬೇಕು. ಪಾದ ಕೆಳಗೆ ಬರುವುದು ಅರ್ಧ ಪೆಟ್ಟು, ಮೇಲೇಳುವುದು ಇನ್ನರ್ಧ. ಈ ಎರಡನೇ ಅರ್ಧವನ್ನು ಎಣಿಸದವರೇ ಓಡುವವರು. ಹಿಮ್ಮಡಿ ನೆಲದಲ್ಲೇ ಇರಲಿ, ಮುಂಗಾಲು ಸರಿಯಾಗಿ ಅರ್ಧ ಪೆಟ್ಟಿಗೆ ಮೇಲೇಳಲಿ. ಪಾದ ಬೆರಳಿನ ಹಿಂದೆ ಹೋಗುತ್ತಿದೆಯೋ, ಬೆರಳು ಪಾದದ ಹಿಂದೆ ಬರುತ್ತಿದೆಯೋ ತಿಳಿಯಬೇಕಾದರೆ ಎದ್ದು ನಿಂತು ಮಾರ್ಕ್ ಟೈಮ್ (ನಿಂತಲ್ಲೇ ಹೆಜ್ಜೆ) ಮಾಡುತ್ತ ನುಡಿಸಿ. ಇಡೀ ದೇಹದ ಭಾರ ಬೆರಳಿನ ಆತುರಕ್ಕೆ ಅಷ್ಟು ಸುಲಭವಾಗಿ ಮಣಿಯುವುದಿಲ್ಲ.

6/8ರಲ್ಲಿ ಓಟದ ರೂಪ ಬೇರೆ. ಒಂದು ಪೆಟ್ಟಿಗೆ ಮೂರು ಎಣಿಕೆ, ಹೆಜ್ಜೆ ಬಾರಿಗೆ ಎರಡು. ಮೂರನೇ ಎಣಿಕೆಯ ಸ್ವರವನ್ನು ನುಂಗಿದರೆ ಟ್ಯೂನ್ ಸದ್ದಿಲ್ಲದೆ 2/4 ಆಗಿಬಿಡುತ್ತದೆ. 3/4ರಲ್ಲಿ ಬಾರಿಗೆ ಮೂರು ಪೆಟ್ಟಾದ್ದರಿಂದ ಮೊದಲ ಬಾರಿನ ಒಂದನೇ ಪೆಟ್ಟು ಎಡಗಾಲಿಗೆ, ಎರಡನೇ ಬಾರಿನದು ಬಲಗಾಲಿಗೆ ಬೀಳುತ್ತದೆ. ಹೊಸಬರು ಹೆಜ್ಜೆ ತಪ್ಪಿತೆಂದು ಗಾಬರಿಯಾಗಿ ಕಾಲು ಬದಲಿಸುವುದು ಇಲ್ಲೇ. ಬದಲಿಸಬಾರದು, ಎರಡು ಬಾರಿಗೊಮ್ಮೆ ತಾನಾಗಿಯೇ ಎಡಗಾಲಿಗೆ ಬರುತ್ತದೆ.

ಮೆಟ್ರೊನೋಮಿನ ವಿಷಯದಲ್ಲಿ ನನ್ನದೊಂದು ತಕರಾರಿದೆ. ಪ್ರತಿ ಪೆಟ್ಟಿಗೂ ಟಕ್ ಎನ್ನುವಂತೆ ಇಟ್ಟುಕೊಂಡು ತಿಂಗಳುಗಟ್ಟಲೆ ನುಡಿಸಿದರೆ ಅದನ್ನು ಹಿಂಬಾಲಿಸಲು ಬರುತ್ತದೆಯೇ ಹೊರತು ಕಾಲ ಹಿಡಿಯಲು ಬರುವುದಿಲ್ಲ. ಗತಿ ಕೂತ ಮೇಲೆ ಟಕ್ ಸದ್ದು ಪೆಟ್ಟಿನ ಮೇಲೆ ಬೀಳದೆ ಎರಡು ಪೆಟ್ಟಿನ ನಡುವೆ ಬೀಳುವಂತೆ ನುಡಿಸಿ. ಮುಂದಿನ ಹಂತದಲ್ಲಿ ಎರಡು ಬಾರು ಸದ್ದು ಇರಲಿ, ಎರಡು ಬಾರು ಬೇಡ. ಸದ್ದು ಮರಳಿದಾಗ ನೀವು ಎಲ್ಲಿದ್ದೀರಿ ಎಂಬುದೇ ಪರೀಕ್ಷೆ. ಗತಿಯನ್ನು ಗೊತ್ತುಮಾಡುವಾಗ ಟ್ಯೂನಿನ ಸುಲಭ ಬಾರನ್ನು ನೋಡಬೇಡಿ. ಬರ್ಲ್ ಎಂಬ ಇನ್ನೊಂದು ಗುಚ್ಛ ಅಥವಾ ಟಾರ್ಲುವಾ ಇರುವ ಕಷ್ಟದ ಬಾರನ್ನು ಗುಂಪಿನ ಹೊಸ ಪೈಪರ್ ಎಷ್ಟು ಗತಿಯಲ್ಲಿ ಚೊಕ್ಕವಾಗಿ ನುಡಿಸುತ್ತಾನೋ ಅದೇ ಬ್ಯಾಂಡಿನ ಗತಿ. ಇಲ್ಲದಿದ್ದರೆ ಸುಲಭದ ಕಡೆ ಓಟ, ಕಷ್ಟದ ಕಡೆ ಎಳೆತ.

ಗಡಿಯಾರದ ಲೆಕ್ಕವೂ ಸುಲಭವೇ. ಎರಡು ಪಾರ್ಟಿನ 2/4 ಮಾರ್ಚ್, ಪಾರ್ಟಿಗೆ 8 ಬಾರ್, ಎರಡನ್ನೂ ಮರಳಿ ನುಡಿಸಿದರೆ ಒಟ್ಟು 32 ಬಾರ್, 64 ಹೆಜ್ಜೆ. 80ರ ಗತಿಯಲ್ಲಿ ಇದಕ್ಕೆ 48 ಸೆಕೆಂಡ್ ಬೇಕು. 45ಕ್ಕೆ ಮುಗಿದರೆ ನೀವು 85ರಲ್ಲಿ ನುಡಿಸಿದ್ದೀರಿ. ಪಾರ್ಟ್ ಪಾರ್ಟಾಗಿ ಅಳೆದರೆ ಎಲ್ಲಿ ಓಡಿತು ಎಂಬುದೂ ಸಿಗುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಳೆಯುವುದು ಈಗ ಎಷ್ಟು ಸಲೀಸು, ಆದರೂ ಮಾಡುವವರು ಕಡಿಮೆ.

ಚಾಂಟರಿನಲ್ಲಿ ಕೂತ ಲಯ ಪೂರ್ತಿ ಪೈಪಿಗೆ ಬಂದಾಗ ಕೆಡುವುದಕ್ಕೆ ಉಸಿರು ಕಾರಣ. ಊದುವಾಗ ತೋಳು ಸಡಿಲ, ಉಸಿರೆಳೆಯುವಾಗ ತೋಳಿನ ಒತ್ತು. ಚೀಲದೊಳಗಿನ ಒತ್ತಡ ಮಾತ್ರ ಅಲುಗಬಾರದು. ಹೆಜ್ಜೆಗೆ ಸರಿಯಾಗಿ ಊದುವ ಚಾಳಿ ಬಿದ್ದರೆ ಪ್ರತಿ ಹೆಜ್ಜೆಗೂ ಶ್ರುತಿ ಅಲೆಯುತ್ತದೆ. ಟ್ಯೂನಿನ ವಾಕ್ಯ ಮುಗಿಯುವಲ್ಲಿ ಉಸಿರೆಳೆಯುವ ಚಾಳಿಯೂ ಕೆಟ್ಟದ್ದು, ಉದ್ದ ಸ್ವರ ಗಿಡ್ಡವಾಗುವುದು ಅಲ್ಲೇ. ಉಸಿರು ತನ್ನ ದಾರಿಯಲ್ಲಿ ಹೋಗಲಿ, ಬೆರಳು ತನ್ನ ದಾರಿಯಲ್ಲಿ. ಮಕ್ಕಳಿಗೆ ಗಟ್ಟಿ ರೀಡ್ (ಗಾಳಿಗೆ ಕಂಪಿಸಿ ಸದ್ದು ಹುಟ್ಟಿಸುವ ಪಟ್ಟಿ) ಕೊಡುವುದನ್ನು ನಾನು ಒಪ್ಪುವುದಿಲ್ಲ. ಮೂರನೇ ಟ್ಯೂನಿಗೆ ತುಟಿ ಸೋತು ಗಾಳಿ ಸೋರತೊಡಗಿದರೆ ಲಯದ ಕಡೆ ಗಮನ ಉಳಿಯುವುದಿಲ್ಲ.

ಎತ್ತುಗಡೆಯಲ್ಲೇ ಗತಿ ಅರ್ಧ ನಿರ್ಧಾರವಾಗುತ್ತದೆ. ಸೈಡ್ ಡ್ರಮ್ಮಿನವರು ಮೂರು ಹೆಜ್ಜೆಯ ರೋಲನ್ನು (ಬಿಡದ ಉರುಳಿಕೆಯನ್ನು) ಎರಡು ಸಲ ನುಡಿಸುತ್ತಾರೆ. ಒಂದನೇ ಎಣಿಕೆ ಎಡಗಾಲು. 1ರಿಂದ 3 ರೋಲ್, 4 ಬಿಡುವು, 5ರಿಂದ 7 ಮತ್ತೆ ರೋಲ್, 8 ಬಿಡುವು, 9ಕ್ಕೆ ಟ್ಯೂನ್. ನಾವು ಅನುಸರಿಸುತ್ತಿದ್ದ ಕ್ರಮದಲ್ಲಿ 5ಕ್ಕೆ ಚೀಲಕ್ಕೆ ಪೆಟ್ಟು ಕೊಟ್ಟು ಡ್ರೋನ್ ಎಬ್ಬಿಸಬೇಕು, 7ಕ್ಕೆ ಎಲ್ಲರೂ ಒಟ್ಟಿಗೆ ಇ ಸ್ವರ. ಚೀಲ ಮೊದಲೇ ತೀರ ತುಂಬಿದ್ದರೆ ಚಾಂಟರ್ 5ಕ್ಕೇ ಕಿರುಚುತ್ತದೆ, ಕಡಿಮೆ ತುಂಬಿದ್ದರೆ ಡ್ರೋನುಗಳು ಒರಲುತ್ತ ಏಳುತ್ತವೆ, ಇ ತಡವಾಗುತ್ತದೆ. ಟ್ಯೂನಿಗೆ ಮೊದಲು ಚಿಕ್ಕ ಸ್ವರವೊಂದಿದ್ದರೆ ಅದು 8ರ ತುದಿಯಲ್ಲಿ ಬರುತ್ತದೆ, 9 ಅದಕ್ಕಾಗಿ ಕಾಯುವುದಿಲ್ಲ. ರೋಲ್ ಯಾವ ಗತಿಯಲ್ಲಿ ಬಂತೋ ಟ್ಯೂನೂ ಅದೇ ಗತಿಯಲ್ಲಿ ಬರಬೇಕು. ಪೈಪ್ ಮೇಜರ್ ಆಜ್ಞೆ ಕೊಡುವ ಮೊದಲು ಟ್ಯೂನಿನ ಎರಡು ಬಾರನ್ನು ಮನಸ್ಸಿನಲ್ಲೇ ಹಾಡಿಕೊಂಡು ಆ ಗತಿಯಲ್ಲೇ ಆಜ್ಞೆ ಕೂಗುವುದು ಒಳ್ಳೆಯದು.

ಮೈದಾನಕ್ಕಿಳಿದರೆ ಇನ್ನೊಂದು ತೊಡಕು, ದೂರ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮುಂದಿನ ಸಾಲಿಗೂ ಹಿಂದಿರುವ ಬಾಸ್ ಡ್ರಮ್ಮಿಗೂ ಹತ್ತು ಮೀಟರ್ ಅಂತರವಿದ್ದರೆ 0.03 ಸೆಕೆಂಡ್ ತಡ. ಚಿಕ್ಕ ಸ್ವರದ ಉದ್ದವೇ 0.18 ಸೆಕೆಂಡ್ ಆಗಿರುವಾಗ ಇದು ಕಿವಿಗೆ ತಟ್ಟುತ್ತದೆ. ಮುಂದಿನವರು ಡ್ರಮ್ ಕೇಳಿ ನುಡಿಸುತ್ತಾರೆ, ಡ್ರಮ್ಮಿನವರು ಮುಂದಿನವರನ್ನು ಕೇಳಿ ಬಾರಿಸುತ್ತಾರೆ, ಒಬ್ಬರಿಗೊಬ್ಬರು ಕಾಯುತ್ತ ಗತಿ ಕುಸಿಯುತ್ತದೆ. ಮೆರವಣಿಗೆಯಲ್ಲಿ ಮಾತ್ರ ಬ್ಯಾಂಡ್ ಓಡುವ ಬದಲು ಎಳೆಯುವುದು ಇದರಿಂದ. ಆಗ ಕಿವಿಗಿಂತ ಕಣ್ಣನ್ನು ನಂಬಬೇಕು: ಮುಂದಿನ ಸಾಲಿನ ಹಿಮ್ಮಡಿ ನೋಡಿ, ಎಡಗಾಲಿಗೆ ನುಡಿಸಿ. ತಿರುವಿನಲ್ಲಿ ಒಳಗಿನವರ ಹೆಜ್ಜೆ ಗಿಡ್ಡವಾಗುತ್ತದೆ, ಹೊರಗಿನವರದು ಉದ್ದವಾಗುತ್ತದೆ, ಹೆಜ್ಜೆಯ ಕಾಲ ಬದಲಾಗುವುದಿಲ್ಲ. ಸ್ಪರ್ಧೆಯ ಬ್ಯಾಂಡುಗಳು ವೃತ್ತದಲ್ಲಿ ನಿಂತು ನುಡಿಸುವುದರಿಂದ ಅವರಿಗೆ ಈ ದೂರವೂ ಕಡಿಮೆ, ಪೈಪ್ ಮೇಜರನ ಪಾದವೂ ಎದುರಿಗೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ಗ್ರೀನ್ ಮೈದಾನದ ಪೈಪ್ ಬ್ಯಾಂಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪೈಪಿಗೆ, ಡ್ರಮ್ಮಿಗೆ ಬೇರೆ ಬೇರೆ ತೀರ್ಪುಗಾರರಿದ್ದಾರೆ. ಅದಲ್ಲದೆ ಎರಡೂ ಎಷ್ಟು ಕೂಡಿ ಬಂದವು ಎಂದು ನೋಡಲು ಪ್ರತ್ಯೇಕ ತೀರ್ಪುಗಾರರೂ ಇರುತ್ತಾರೆ.

ಶಾಲಾ ಬ್ಯಾಂಡುಗಳಲ್ಲಿ ಗಟ್ಟಿಮುಟ್ಟಾದ ಹುಡುಗನ ಕೊರಳಿಗೆ ಬಾಸ್ ಡ್ರಮ್ ಕಟ್ಟುವ ಪದ್ಧತಿಯಿದೆ. ಹೊರಬಲ್ಲವನಿಗಿಂತ ಕದಲದವನು ಬೇಕು ಎನ್ನುತ್ತಿದ್ದರು ಮೇಷ್ಟ್ರು. ಸೈಡ್ ಡ್ರಮ್ಮಿನವರು ಉರುಳಿಕೆಗಳಲ್ಲಿ ಮುಂದೋಡಿದರೂ, ಪೈಪರುಗಳು ಎಳೆದಾಡಿದರೂ, ಬಾಸ್ ಡ್ರಮ್ ಯಾರ ಹಿಂದೆಯೂ ಹೋಗಬಾರದು. ಅದು ಪೈಪ್ ಮೇಜರನ ಪಾದದೊಂದಿಗೆ ಮಾತ್ರ ಇರಬೇಕು. ಗತಿ ಓಡಿತೆಂದು ಅನಿಸಿದರೆ ಅದನ್ನು ಒಮ್ಮೆಗೇ ಹಿಡಿದೆಳೆಯಬಾರದು, ಬ್ಯಾಂಡ್ ಎರಡಾಗುತ್ತದೆ. ಪಾರ್ಟ್ ಮುಗಿಯುವಲ್ಲಿನ ಉದ್ದ ಸ್ವರದಲ್ಲಿ ಪೂರ್ತಿ ಎರಡು ಪೆಟ್ಟು ನಿಂತು, ಹೊಸ ಪಾರ್ಟಿನ ಮೊದಲ ಪೆಟ್ಟಿನಿಂದ ಸರಿಪಡಿಸಿಕೊಳ್ಳಬೇಕು.

ಮಾರ್ಚ್, ಸ್ಕಾಟಿಷ್ ಕುಣಿತದ ಟ್ಯೂನುಗಳಾದ ಸ್ಟ್ರಾತ್‌ಸ್ಪೇ ಮತ್ತು ರೀಲ್, ಈ ಮೂರನ್ನು ಬಿಡುವಿಲ್ಲದೆ ಜೋಡಿಸಿದಾಗ ಗತಿ ಬದಲಾಗುವ ಜಾಗವನ್ನಷ್ಟೇ ಬೇರೆಯಾಗಿ ಅಭ್ಯಾಸ ಮಾಡಿ. ಹಿಂದಿನ ಟ್ಯೂನಿನ ಕೊನೆಯ ಎರಡು ಬಾರ್, ಮುಂದಿನದರ ಮೊದಲ ಎರಡು ಬಾರ್, ಇಷ್ಟೇ. ಸ್ಟ್ರಾತ್‌ಸ್ಪೇಯ ಮೊದಲ ಪೆಟ್ಟಿನಲ್ಲೇ ಹೊಸ ಗತಿ ಪೂರ್ತಿ ಬಂದಿರಬೇಕು. ನಾಲ್ಕು ಬಾರು ನುಡಿಸಿ ಹುಡುಕಿಕೊಳ್ಳುವಂಥದ್ದಲ್ಲ ಅದು.

ನಿಲ್ಲಿಸುವಾಗಲೂ ಎಣಿಕೆ ಬೇಕು. ಕೊನೆಯ ಸ್ವರ ಎಷ್ಟು ಪೆಟ್ಟು ಎಂದು ಮೊದಲೇ ಗೊತ್ತಿರಲಿ. ಅಷ್ಟು ಮುಗಿದ ಪೆಟ್ಟಿಗೆ ಸರಿಯಾಗಿ ಬಾಯಿ ಊದುವುದನ್ನು ಬಿಡಬೇಕು, ತೋಳು ಚೀಲದಿಂದ ಪೂರ್ತಿ ಏಳಬೇಕು. ತೋಳನ್ನು ಮೆಲ್ಲಗೆ ಸಡಿಲಿಸಿದರೆ ಚಾಂಟರ್ ನಿಂತ ಮೇಲೂ ಡ್ರೋನ್ ನರಳುತ್ತ ಉಳಿಯುತ್ತದೆ. ಮುಂದಿನ ಹೆಜ್ಜೆಗೆ ಕೇಳಬೇಕಾದದ್ದು ಡ್ರಮ್ ಒಂದೇ.