ವಾಪಸು ಬಾರದೆ ಇದ್ದದ್ದು ಯಾರು?

ಓಣಂ ರಜೆಗೆ ಊರಿಗೆ ಹೋಗಿದ್ದಾಗ ಅಕ್ಕನ ಮಗಳಿಗೆ ಒಂದು ಇಂಗ್ಲಿಷ್ ವಾಕ್ಯ ಬರೆದುಕೊಟ್ಟೆ. "ದ ಮ್ಯಾನ್ ಹೂ ಸೋಲ್ಡ್ ದ ಕೌ ಟು ಮೈ ಅಂಕಲ್ ಡಿಡ್ ನಾಟ್ ಕಮ್ ಬ್ಯಾಕ್." ಗಟ್ಟಿಯಾಗಿ ಓದು ಅಂದೆ. ಎಲ್ಲೂ ತಡವರಿಸದೆ ಓದಿದಳು. ಒಂದೊಂದೇ ಶಬ್ದದ ಅರ್ಥ ಕೇಳಿದೆ, ಎಲ್ಲವೂ ಗೊತ್ತಿತ್ತು. ಹಾಗಾದರೆ ವಾಪಸು ಬಾರದೆ ಇದ್ದದ್ದು ಯಾರು ಅಂತ ಕೇಳಿದೆ.

"ಅಂಕಲ್, ಚಿಕ್ಕಮ್ಮ."

ಇನ್ನೊಂದು ಸಲ ಓದಿಸಿದೆ. ಮತ್ತೂ ಅಂಕಲ್.

ಅವಳು ಜಾಣ ಹುಡುಗಿ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಮನೆ, ಅವಳು ಕನ್ನಡ ಮೀಡಿಯಂನಲ್ಲಿ ಹತ್ತನೆಯ ತರಗತಿ. ಲೆಕ್ಕ ಚೆನ್ನಾಗಿ ಮಾಡುತ್ತಾಳೆ, ಕನ್ನಡದಲ್ಲಿ ಎರಡು ಪುಟದ ಪ್ರಬಂಧವನ್ನು ಒಂದೇ ಕೂತಲ್ಲಿ ಬರೆಯುತ್ತಾಳೆ. ಇಂಗ್ಲಿಷ್ ಬಂದಾಗ ಮಾತ್ರ ಮುಖ ಬಾಡುತ್ತದೆ. ನನಗೂ ಆ ವಯಸ್ಸಿನಲ್ಲಿ ಹಾಗೇ ಆಗುತ್ತಿತ್ತು. ಹಾಗಾಗಿ ಆ ರಾತ್ರಿ ತುಂಬಾ ಹೊತ್ತು ಆ ಒಂದು ವಾಕ್ಯವನ್ನೇ ಯೋಚಿಸುತ್ತಾ ಮಲಗಿದ್ದೆ. ಎಲ್ಲಾ ಶಬ್ದ ಗೊತ್ತಿದ್ದೂ ಅರ್ಥ ಯಾಕೆ ತಪ್ಪಿತು?

ಬೆಳಿಗ್ಗೆ ಅದನ್ನೇ ಕನ್ನಡದಲ್ಲಿ ಹೇಳಿ ನೋಡಿದೆ. "ಮಾವನಿಗೆ ದನ ಮಾರಿದ ಮನುಷ್ಯ ವಾಪಸು ಬರಲಿಲ್ಲ." ಇದರಲ್ಲಿ ಮನುಷ್ಯನೂ 'ಬರಲಿಲ್ಲ'ವೂ ಹತ್ತಿರ ಹತ್ತಿರ ಇದ್ದಾರೆ. ಅವನು ಎಂಥವನು ಅಂತ ಹೇಳುವ ಮಾತೆಲ್ಲಾ ಅವನಿಗಿಂತ ಮೊದಲೇ ಬಂದು ಮುಗಿದಿದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಮನುಷ್ಯ ಮೊದಲೇ ಬಂದು ನಿಲ್ಲುತ್ತಾನೆ, ಆಮೇಲೆ ಅವನ ಕಥೆ, ಆ ಕಥೆಯ ಕೊನೆಯಲ್ಲಿ ಅಂಕಲ್, ಅದಾದ ಮೇಲೆ ಕ್ರಿಯಾಪದ. ನಮ್ಮ ಮಕ್ಕಳು ಕ್ರಿಯಾಪದದ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡುತ್ತಾರೆ. ಕನ್ನಡದ ಅಭ್ಯಾಸ ಅದು. ಪಕ್ಕದಲ್ಲಿ ಅಂಕಲ್ ಇದ್ದಾನೆ, ಅವನನ್ನೇ ಹಿಡಿದುಕೊಳ್ಳುತ್ತಾರೆ. ಇದು ಅವಳ ತಪ್ಪು ಅಂತ ನನಗೆ ಅನಿಸಲೇ ಇಲ್ಲ. ಯಾರೂ ಹೇಳಿಕೊಡಲಿಲ್ಲ, ಅಷ್ಟೇ.

ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಮೊದಲ ಭಾಷೆ, ಅದರಲ್ಲಿ ಎರಡು ಪೇಪರ್. ಇಂಗ್ಲಿಷ್ ಎರಡನೆಯದು, ಹಿಂದಿ ಮೂರನೆಯದು. ಇಂಗ್ಲಿಷ್ ಬರವಣಿಗೆಗೆ 80 ಮಾರ್ಕು, ಶಾಲೆಯಲ್ಲೇ ಕೊಡುವ ಸಿಇ, ಅಂದರೆ ನಿರಂತರ ಮೌಲ್ಯಮಾಪನಕ್ಕೆ 20. ಎರಡೂವರೆ ಗಂಟೆ, ಅದಕ್ಕಿಂತ ಮೊದಲು ಪ್ರಶ್ನೆಪತ್ರಿಕೆ ಓದಿ ನೋಡಲಿಕ್ಕೆ 15 ನಿಮಿಷ ಕೂಲ್ ಆಫ್ ಟೈಮ್. ಪಠ್ಯದ ಗದ್ಯ, ಪದ್ಯ ಕೊಟ್ಟು ಪ್ರಶ್ನೆ ಕೇಳುತ್ತಾರೆ, ಮೊದಲು ನೋಡಿರದ ಪ್ಯಾಸೇಜ್ ಕೂಡ ಇರುತ್ತದೆ. 2025ರಲ್ಲಿ ಹತ್ತನೆಯ ತರಗತಿಯ ಪಠ್ಯಪುಸ್ತಕ ಬದಲಾಯಿತು, ಹಾಗಾಗಿ ಅಣ್ಣ ಅಕ್ಕಂದಿರ ಹಳೆಯ ಗೈಡ್ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಪಬ್ಲಿಕ್ ಪರೀಕ್ಷೆಯ ಹಾಲ್‌ನಲ್ಲಿ ಯಾರೂ ಏನನ್ನೂ ಕೇಳಿಸುವುದಿಲ್ಲ. ಎಲ್ಲಾ ಕಾಗದದ ಮೇಲೆಯೇ. ಅವಳಿಗೆ ಇಂಗ್ಲಿಷ್ ಕೇಳಿಸಿ ಅಭ್ಯಾಸ ಮಾಡಿಸುತ್ತೇನೆ ಅಂತ ನಾನು ಹೇಳಿದಾಗ, ಮತ್ತೆ ಕೇಳುವ ಅಭ್ಯಾಸ ಯಾಕೆ ಅಂತ ಅಕ್ಕ ನನ್ನ ಹತ್ತಿರ ಕೇಳಿದಳು.

ನಮ್ಮ ಊರಿನ ಮಕ್ಕಳನ್ನೇ ನೋಡಿ. ಮನೆಯಲ್ಲಿ ತುಳು. ಪಕ್ಕದ ಮನೆಯಲ್ಲಿ ಹವ್ಯಕ ಕನ್ನಡ. ಅಂಗಡಿಯಲ್ಲಿ ಬ್ಯಾರಿ ಭಾಷೆ, ಬಸ್ಸಿನಲ್ಲಿ ಮಲಯಾಳ, ದೇವಸ್ಥಾನದ ಹತ್ತಿರ ಕೊಂಕಣಿ ಮಾತಾಡುವವರ ನಾಲ್ಕು ಮನೆ. ಮಲಯಾಳದ ಒಂದು ಅಕ್ಷರ ಓದಲು ಬಾರದ ಹುಡುಗಿ ಕಂಡಕ್ಟರನ ಜೊತೆ ಚಿಲ್ಲರೆಗೋಸ್ಕರ ಮಲಯಾಳದಲ್ಲೇ ಜಗಳ ಮಾಡಿ ಗೆದ್ದು ಇಳಿಯುತ್ತಾಳೆ. ಇವೆಲ್ಲಾ ಕಿವಿಯಿಂದ ಬಂದ ಭಾಷೆಗಳು. ಇಂಗ್ಲಿಷ್ ಒಂದನ್ನು ಮಾತ್ರ ನಾವು ಕಿವಿ ಮುಚ್ಚಿ ಬರೀ ಕಣ್ಣಿನಿಂದ ಕಲಿಸಲಿಕ್ಕೆ ಹೊರಟಿದ್ದೇವೆ. ಹತ್ತು ವರ್ಷ ಹಾಗೆ ಕಲಿಸಿ, ಮಗುವಿಗೆ ಬರುವುದಿಲ್ಲ ಅಂತ ಹೇಳುತ್ತೇವೆ. ಭಾಷೆಯ ಏರಿಳಿತ ಕಿವಿಗೆ ಬೀಳದಿದ್ದರೆ ಓದುವಾಗ ಎಲ್ಲಿ ನಿಲ್ಲಬೇಕು, ಯಾವುದು ಯಾವುದಕ್ಕೆ ಸೇರಿದ್ದು ಅಂತ ತಿಳಿಯುವುದಿಲ್ಲ. ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ.

ನಾನು ಕಲಿತದ್ದು ಹೇಗೆ ಅಂತಲೂ ಹೇಳಬೇಕು. ನಾನು ಹತ್ತರಲ್ಲಿದ್ದಾಗ ಇಂಗ್ಲಿಷ್ ಪಾಠಕ್ಕೆ ಬಂದ ಟೀಚರಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಮೀಡಿಯಂ ಕ್ಲಾಸು, ಇಂಗ್ಲಿಷ್ ಪುಸ್ತಕ, ವಿವರಣೆ ಮಲಯಾಳದಲ್ಲಿ. ಪೇಟೆ ಬದಿಯ ಮಕ್ಕಳಿಗೆ ಅಷ್ಟಿಷ್ಟು ಗೊತ್ತಾಗುತ್ತಿತ್ತು. ಗುಡ್ಡದ ಮೇಲಿನಿಂದ ನಡೆದು ಬರುವ ನಮ್ಮಂಥವರಿಗೆ, ಮನೆಯಲ್ಲಿ ತುಳು ಬಿಟ್ಟು ಬೇರೆ ಕೇಳದವರಿಗೆ, ಅರ್ಥ ಹೇಳುವ ಭಾಷೆಯದ್ದೇ ಅರ್ಥ ಗೊತ್ತಾಗುತ್ತಿರಲಿಲ್ಲ. ಟೀಚರ್ ಒಳ್ಳೆಯವರೇ, ಅವರನ್ನು ಅಲ್ಲಿಗೆ ಹಾಕಿದ್ದು ಅವರ ತಪ್ಪಲ್ಲ. ಆದರೆ ಆ ವರ್ಷ ನಾವು ಕೆಲವರು ಪ್ರಶ್ನೆಯನ್ನೇ ಉತ್ತರದ ಜಾಗದಲ್ಲಿ ನಕಲು ಮಾಡಿ ಬಂದೆವು. ಈಗಲೂ ಗಡಿಯ ಕನ್ನಡ ಶಾಲೆಗಳಿಗೆ ಕನ್ನಡ ಗೊತ್ತಿಲ್ಲದವರನ್ನು ನೇಮಿಸಿದ ಸುದ್ದಿ ಬಂದಾಗಲೆಲ್ಲಾ ಆ ಬೆಂಚು ನೆನಪಾಗಿ ಹೊಟ್ಟೆ ಉರಿಯುತ್ತದೆ.

ಸರಿ, ನಾವು ಏನು ಮಾಡಿದೆವು ಅಂತ ಹೇಳುತ್ತೇನೆ.

ನಾನು ಕೆಲಸದಲ್ಲಿರುವುದು ಮಂಗಳೂರಿನಲ್ಲಿ, ಊರಿಗೆ ಬರುವುದು ಶನಿವಾರ. ಹಾಗಾಗಿ ವಾರದ ದಿನಗಳಲ್ಲಿ ವಾಟ್ಸಾಪಿನಲ್ಲಿ ನನ್ನದೇ ದನಿಯಲ್ಲಿ ಒಂದು ನಿಮಿಷದ ಇಂಗ್ಲಿಷ್ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಅವಳು ಅದನ್ನು ಉಕ್ತಲೇಖನದ ಹಾಗೆ ಕೇಳಿ ಬರೆಯಬೇಕು. ಮೊದಲ ಸಲ ಸುಮ್ನೆ ಕೇಳುವುದು, ಪೆನ್ನು ಮುಟ್ಟಬಾರದು. ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ ಬರೆಯುವುದು. ಮೂರನೆಯ ಸಲ ತಿದ್ದುವುದು. ಆಮೇಲೆ ನಾನು ಬರೆದದ್ದರ ಫೋಟೋ ಕಳಿಸುತ್ತೇನೆ, ಅದರ ಜೊತೆ ಹೋಲಿಸಿ ನೋಡುವುದು. ಮಳೆಗಾಲದ ಆಟಿ ತಿಂಗಳು ಕಳೆದಿದ್ದರೂ ಮಳೆ ಬಿಟ್ಟಿರಲಿಲ್ಲ, ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಒಂದು ಶಬ್ದವೂ ಕೇಳುವುದಿಲ್ಲ, ಎಷ್ಟೋ ದಿನ ರಾತ್ರಿ ಮಳೆ ನಿಂತ ಮೇಲೆ ಕೂತು ಬರೆದಳು ಪಾಪ.

ಬರೆದದ್ದು ನೋಡಿದಾಗ ತಪ್ಪುಗಳು ಒಂದೇ ತರಹ ಇದ್ದವು. 'ಪಿಕ್ ಇಟ್ ಅಪ್' ಅಂತ ಹೇಳಿದರೆ ಅವಳಿಗೆ 'ಪಿಕಿಟಪ್' ಅಂತ ಒಂದೇ ಶಬ್ದ ಕೇಳುತ್ತಿತ್ತು. 'ಡಿಡ್ ಯೂ' ಅನ್ನುವುದು 'ಡಿಜು'. ಇದೆಂಥ ಶಬ್ದ ಅಂತ ಡಿಕ್ಷನರಿಯಲ್ಲಿ ಹುಡುಕಿದ್ದಳು. ಆಗ ನನಗೆ ಹೊಳೆದದ್ದು ಸಂಧಿ. ನಮ್ಮ ವ್ಯಾಕರಣದ ಸಂಧಿಯೇ. ಊರು, ಅಲ್ಲಿ ಸೇರಿ ಊರಲ್ಲಿ ಆಗುವುದಿಲ್ವಾ? ಮನೆ, ಅನ್ನು ಸೇರಿದರೆ ನಡುವೆ ಯ ಬರುತ್ತದೆ, ಗುರು, ಅನ್ನು ಸೇರಿದರೆ ವ ಬರುತ್ತದೆ. ಇಂಗ್ಲಿಷಿನವರೂ 'ಸೀ ಇಟ್' ಅನ್ನುವಾಗ ಬಾಯಲ್ಲಿ 'ಸೀಯಿಟ್' ಆಗುತ್ತದೆ, 'ಡೂ ಇಟ್' 'ಡೂವಿಟ್' ಆಗುತ್ತದೆ. ಪಕ್ಕಾ ಯಕಾರಾಗಮ, ವಕಾರಾಗಮ! ವ್ಯತ್ಯಾಸ ಇಷ್ಟೇ, ನಾವು ಸಂಧಿಯನ್ನು ಬರೆದು ತೋರಿಸುತ್ತೇವೆ, ಅವರು ಬರೆಯುವಾಗ ಬಿಡಿಸಿ ಬರೆಯುತ್ತಾರೆ, ಮಾತಾಡುವಾಗ ಮಾತ್ರ ಸೇರಿಸುತ್ತಾರೆ. ಇದನ್ನು ಹೇಳಿದ್ದೇ ತಡ, ಅವಳಿಗೆ ಸಂಧಿ ಬಿಡಿಸುವುದು ಒಂದು ಆಟ ಆಯಿತು. ಒಂದು ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬಾ 'ನಾಟೆಟಾಲ್' ಅಂದರೆ ನಾಟ್ ಎಟ್ ಆಲ್, 'ಗೋವಾನ್' ಅಂದರೆ ಗೋ ಆನ್ ಅಂತ ಕನ್ನಡದಲ್ಲೇ ಬರೆದಿಟ್ಟಿದ್ದಾಳೆ. ಇಂಗ್ಲಿಷನ್ನು ಕನ್ನಡದಲ್ಲಿ ಬರೆಯಬೇಡ ಅಂತ ಹೇಳುವ ದೊಡ್ಡವರಿದ್ದಾರೆ. ನಾನು ಬೇಡ ಅನ್ನಲಿಲ್ಲ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಹಿಡಿದಿಡಲು ನಮ್ಮ ಲಿಪಿಯಷ್ಟು ಸುಲಭದ್ದು ಬೇರೆ ಎಲ್ಲಿದೆ?

ಎರಡನೆಯ ತರಹದ ತಪ್ಪು ಶಬ್ದದ ಬಾಲದ್ದು. ನಮಗೆ ಶಬ್ದ ಸ್ವರದಲ್ಲಿ ಮುಗಿದರೇ ಸಮಾಧಾನ. ಬಸ್ ಬಸ್ಸು ಆಗುತ್ತದೆ, ಪೆನ್ ಪೆನ್ನು, ಕಾರ್ ಕಾರು. ಇಂಗ್ಲಿಷಿನಲ್ಲಿ ಕೊನೆಯ ವ್ಯಂಜನದಲ್ಲೇ ಎಷ್ಟೋ ವಿಷಯ ಇರುತ್ತದೆ. 'ವಾಕ್' ಮತ್ತು 'ವಾಕ್ಡ್' ನಡುವೆ ಇರುವುದು ಒಂದು ಸಣ್ಣ 'ಟ್'. ಅದು ಕೇಳದಿದ್ದರೆ ನಿನ್ನೆಯ ಕೆಲಸ ಇವತ್ತಿನದಾಗುತ್ತದೆ. ಅವಳ ಉಕ್ತಲೇಖನದಲ್ಲಿ ಈ ಬಾಲಗಳೆಲ್ಲಾ ಬಿದ್ದುಹೋಗಿದ್ದವು. ಅವಳ ತಿಂಗಳ ಪರೀಕ್ಷೆಯ ಪೇಪರ್ ತೆಗೆದು ನೋಡಿದರೆ ಅಲ್ಲೂ ಅದೇ ಕಥೆ. ತಪ್ಪು ತಿದ್ದುವ ಎಡಿಟಿಂಗ್ ಪ್ರಶ್ನೆಯಲ್ಲಿ, ಡೈರಿ ಬರೆಯುವುದರಲ್ಲಿ ಭೂತಕಾಲದ ಬಾಲ ಎಲ್ಲೂ ಇಲ್ಲ. ಕಿವಿಗೆ ಬೀಳದ್ದು ಕೈಯಲ್ಲೂ ಬರುವುದಿಲ್ಲ. ಅಕ್ಕನಿಗೆ ಆ ಎರಡು ಹಾಳೆಗಳನ್ನು ಪಕ್ಕ ಪಕ್ಕ ಇಟ್ಟು ತೋರಿಸಿದೆ, ಅವತ್ತಿನಿಂದ ಅವಳು ಕೇಳುವ ಅಭ್ಯಾಸ ಯಾಕೆ ಅಂತ ಕೇಳಲಿಲ್ಲ.

ಮೂರನೆಯದು 'ನಾಟ್'. ಕನ್ನಡದಲ್ಲಿ ಇಲ್ಲ ಅನ್ನುವುದು ಕೊನೆಗೆ ಬರುತ್ತದೆ. ಬರು... ಬರುವು... ಬರುವುದಿಲ್ಲ. ವಾಕ್ಯ ಮುಗಿಯುವವರೆಗೆ ಕಾಯುವುದು ನಮ್ಮ ಕಿವಿಯ ಗುಣ. ಇಂಗ್ಲಿಷಿನಲ್ಲಿ ಅದು ಕ್ರಿಯಾಪದಕ್ಕಿಂತ ಮೊದಲೇ ಬರುತ್ತದೆ, ಎಷ್ಟೋ ಸಲ 'ಡೋಂಟ್', 'ಡಿಡಂಟ್' ಅಂತ ಕುಗ್ಗಿ ಬರುತ್ತದೆ. ನಾವು ಕೊನೆಯಲ್ಲಿ ಕಾಯುತ್ತಾ ಇರುತ್ತೇವೆ, ಅದು ಆಗಲೇ ದಾಟಿ ಹೋಗಿರುತ್ತದೆ. ಓದುವಾಗಲೂ ಹೀಗೆಯೇ. ಅದಕ್ಕೇ ನಾಟ್ ಇರುವ ವಾಕ್ಯಗಳನ್ನೇ ಹುಡುಕಿ ಹುಡುಕಿ ರೆಕಾರ್ಡ್ ಮಾಡಿದೆ.

ನನ್ನ ದನಿ ಒಂದನ್ನೇ ಕೇಳಿದರೆ ಸಾಕಾಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಮೊದಲು ಆಕಾಶವಾಣಿಯ ರಾತ್ರಿ 9 ಗಂಟೆಯ ಇಂಗ್ಲಿಷ್ ವಾರ್ತೆ ಕೇಳಿಸಿದೆವು, ನ್ಯೂಸ್ ಆನ್ ಏರ್ ಆಪಿನಲ್ಲಿ. ನಮ್ಮ ದೇಶದವರ ಉಚ್ಚಾರ, ಊರುಗಳ ಹೆಸರು ಗೊತ್ತಿರುವಂಥದ್ದು, ಸುದ್ದಿಯೂ ಸಂಜೆ ಕನ್ನಡದಲ್ಲಿ ಕೇಳಿದ್ದೇ ಆಗಿರುತ್ತದೆ. ಗೊತ್ತಿರುವ ವಿಷಯವನ್ನು ಗೊತ್ತಿಲ್ಲದ ಭಾಷೆಯಲ್ಲಿ ಕೇಳುವುದು ತುಂಬಾ ಸಹಾಯ ಮಾಡುತ್ತದೆ. ಅಕ್ಕ ಭಾವ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಇರುತ್ತಾರೆ, ಫೋನು ನಡುವೆ ಇಟ್ಟಿರುತ್ತಾರೆ, ಮೂವರೂ ಕೇಳುತ್ತಾರೆ. ಆಮೇಲೆ ವಾಯ್ಸ್ ಆಫ್ ಅಮೆರಿಕದ ಹಳೆಯ ಲರ್ನಿಂಗ್ ಇಂಗ್ಲಿಷ್ ಪಾಠಗಳು. ಅವರು 1959ರಲ್ಲೇ ಸ್ಪೆಷಲ್ ಇಂಗ್ಲಿಷ್ ಅಂತ ಇದನ್ನು ಶುರು ಮಾಡಿದ್ದರು. ಸುಮಾರು 1500 ಶಬ್ದಗಳ ಒಳಗೇ ಹೇಳುವುದು, ಚಿಕ್ಕ ವಾಕ್ಯ, ನಿಧಾನದ ಮಾತು. ಮೊದಲ ಬಾರಿ ಒಂದು ಇಡೀ ಕಥೆ ಅರ್ಥವಾದ ದಿನ ಅವಳು ನನಗೆ ಆಫೀಸ್ ಹೊತ್ತಿನಲ್ಲೇ ಫೋನ್ ಮಾಡಿದ್ದಳು. ಬಿಬಿಸಿಯ 6 ಮಿನಿಟ್ ಇಂಗ್ಲಿಷ್ ಸ್ವಲ್ಪ ಕಷ್ಟ, ಇಬ್ಬರು ಮಾತಾಡುತ್ತಾರೆ, ಬೇಗ ಬೇಗ. ಆದರೆ ಅದರ ಮಾತುಗಳೆಲ್ಲಾ ಬರಹದಲ್ಲೂ ಸಿಗುತ್ತವೆ, ಹಾಗಾಗಿ ಉಕ್ತಲೇಖನಕ್ಕೆ ತುಂಬಾ ಒಳ್ಳೆಯದು. ಯೂಟ್ಯೂಬಿನಲ್ಲಿ ಕೇಳುವುದಾದರೆ ವೇಗವನ್ನು 0.75 ಮಾಡಿಕೊಳ್ಳಬಹುದು. ಕೆಳಗೆ ಬರುವ ಅಕ್ಷರಗಳನ್ನು ಮೊದಲ ಎರಡು ಸಲ ಆಫ್ ಮಾಡಿಡಬೇಕು, ಇದರಲ್ಲಿ ನಾನು ರಿಯಾಯಿತಿ ಕೊಡಲಿಲ್ಲ. ಅಕ್ಷರ ಕಂಡರೆ ಕಿವಿ ಕೆಲಸ ನಿಲ್ಲಿಸುತ್ತದೆ.

ಓದುವುದಕ್ಕೆ ಮಾಡಿದ್ದು ಕಡಿಮೆಯೇ. ದಿನಕ್ಕೆ ಒಂದು ಪ್ಯಾಸೇಜ್, ಜಾಸ್ತಿ ಬೇಡ. ಮೊದಲು ಪ್ರಶ್ನೆ ಓದುವುದು, ಆಮೇಲೆ ಪ್ಯಾಸೇಜ್. ಪ್ರತಿ ಉದ್ದ ವಾಕ್ಯದಲ್ಲಿ ಕ್ರಿಯಾಪದ ಹುಡುಕಿ ಅದರ ಮೊದಲು ಪೆನ್ಸಿಲಿನಲ್ಲಿ ಒಂದು ನೇರ ಗೆರೆ ಹಾಕುವುದು. ಆ ಗೆರೆಯಲ್ಲಿ ನಿಂತು ಹಿಂದೆ ತಿರುಗಿ, ಈ ಕೆಲಸ ಮಾಡಿದವರು ಯಾರು ಅಂತ ಕೇಳುವುದು. ಹತ್ತಿರ ಇರುವವರನ್ನು ನಂಬಬಾರದು, ವಾಕ್ಯದ ಬಾಗಿಲಲ್ಲಿ ಯಾರು ನಿಂತಿದ್ದಾರೆ ಅಂತ ನೋಡಬೇಕು. ಗೊತ್ತಿಲ್ಲದ ಶಬ್ದ ಬಂದರೆ ಅಡಿಗೆರೆ ಹಾಕಿ ಮುಂದೆ ಹೋಗುವುದು, ಡಿಕ್ಷನರಿ ಕೊನೆಗೆ. ಪರೀಕ್ಷೆಯಲ್ಲಿ ಡಿಕ್ಷನರಿ ಇರುವುದಿಲ್ಲ ಅಲ್ವಾ. ಕೊನೆಗೆ ಒಂದು ಸಲ ಗಟ್ಟಿ ಓದು, ಗೆರೆಯ ಹತ್ತಿರ ಚೂರು ನಿಲ್ಲಿಸಿ. ಉದಯವಾಣಿ, ವಿಜಯವಾಣಿ ನೋಡುವ ಮನೆಯಲ್ಲಿ ಇಂಗ್ಲಿಷ್ ಪೇಪರ್ ತರಿಸುವುದು ಕಷ್ಟ, ನಾನು ಶನಿವಾರ ಬರುವಾಗ ಆಫೀಸಿನ ಹಳೆಯ ಪೇಪರ್‌ಗಳನ್ನು ಕಟ್ಟಿಕೊಂಡು ಬರುತ್ತಿದ್ದೆ. ಆಟದ ಪುಟ ಅವಳಿಗೆ ಇಷ್ಟ, ಅಲ್ಲಿಂದಲೇ ಶುರು.

ಮೊದಲ ಎರಡು ತಿಂಗಳು ಏನೂ ಕಾಣಿಸಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮಾರ್ಕು ಹೆಚ್ಚೇನೂ ಏರಲಿಲ್ಲ, ಅವಳು ಅತ್ತಳು, ನನಗೂ ಅವಳ ಹೊತ್ತು ಹಾಳು ಮಾಡಿದೆನೋ ಅಂತ ಭಯ ಆಯಿತು. ಇದನ್ನು ಮುಚ್ಚಿಡುವುದಿಲ್ಲ. ಕಿವಿ ತೆರೆಯಲಿಕ್ಕೆ ಹೊತ್ತು ಬೇಕು, ಜೂನ್‌ನಲ್ಲೇ ಶುರು ಮಾಡಿದ್ದರೆ ಎಷ್ಟೋ ಒಳ್ಳೆಯದಿತ್ತು. ಎಂಟು, ಒಂಬತ್ತನೆಯ ಮಕ್ಕಳು ಮನೆಯಲ್ಲಿ ಇರುವವರು ದಯವಿಟ್ಟು ಈಗಲೇ ಶುರು ಮಾಡಿ.

ಜನವರಿಯಲ್ಲಿ ಒಂದು ರಾತ್ರಿ ವಾರ್ತೆ ಕೇಳುತ್ತಿದ್ದೆವು. ನಾನೂ ಊರಿನಲ್ಲಿದ್ದೆ. ಯಾವುದೋ ಒಂದು ಯೋಜನೆ ಮುಂದುವರಿಯುತ್ತದೆ ಅಂತ ನಾನು ಅಕ್ಕನಿಗೆ ಅರ್ಥ ಹೇಳಿದೆ. "ಇಲ್ಲ ಚಿಕ್ಕಮ್ಮ, 'ವಿಲ್ ನಾಟ್' ಅಂದರು, ನೀವು ಸರಿ ಕೇಳಲಿಲ್ಲ" ಅಂದಳು. ಆಪಿನಲ್ಲಿ ಮತ್ತೆ ಹಾಕಿ ಕೇಳಿದೆವು. ನಾಟ್ ಇತ್ತು. ಅಕ್ಕ ಮೆಟ್ಟುಕತ್ತಿ ಬದಿಗಿಟ್ಟು ಮಗಳ ಮುಖವನ್ನೇ ನೋಡಿದಳು.

ಮೊನ್ನೆ ಮಾಡಲ್ ಪರೀಕ್ಷೆ ಮುಗಿಸಿ ಬಂದವಳು ಪ್ರಶ್ನೆಪತ್ರಿಕೆ ನನ್ನ ಕೈಗೆ ಕೊಟ್ಟಳು. ಕೂಲ್ ಆಫ್ ಟೈಮಿನ 15 ನಿಮಿಷದಲ್ಲಿ ಹಾಕಿದ್ದಂತೆ, ಪ್ಯಾಸೇಜಿನ ತುಂಬಾ ಪೆನ್ಸಿಲಿನ ನೇರ ಗೆರೆಗಳು. ಒಂದು ಕಡೆ ಮಾತ್ರ ಗೆರೆ ತಪ್ಪಿತ್ತು. ಅದನ್ನು ಅವಳೇ ಬೆರಳಿಟ್ಟು ತೋರಿಸಿದಳು, "ಬಸ್ಸಿನಲ್ಲಿ ಬರುವಾಗ ಗೊತ್ತಾಯಿತು ಚಿಕ್ಕಮ್ಮ" ಅಂದಳು.