‘ಕೋಪ ಬಂದಾಗ ಹೇಗೆ ಕಂಟ್ರೋಲ್ ಮಾಡ್ತೀರಾ?’

ನನ್ನ ತಮ್ಮನಿಗೆ ಆಟಿಸಂ ಇದೆ. ವಯಸ್ಸು 23. ಅವನನ್ನು ನೋಡಿದ ಅರ್ಧ ಗಂಟೆಯೊಳಗೆ ಯಾರಾದರೂ ದನಿ ತಗ್ಗಿಸಿ ಕೇಳುತ್ತಾರೆ: “ಕೋಪ ಬಂದಾಗ ಹೇಗಮ್ಮಾ ಕಂಟ್ರೋಲ್ ಮಾಡ್ತೀರಾ?” ಅವನು ಅಲ್ಲೇ ನಿಂತಿರುತ್ತಾನೆ. ಕಿವಿ ನಮಗಿಂತ ಚುರುಕು.

ಕಂಟ್ರೋಲ್ ಮಾಡಲ್ಲ. ಇದೇ ಉತ್ತರ. ಇಷ್ಟು ಸಾಕು ಅನ್ನುವವರು ಹೊರಡಬಹುದು.

ಹೋದ ವರ್ಷ ತಿಪಟೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಛತ್ರದಲ್ಲಿ ಎಲ್ಲಕ್ಕಿಂತ ಜೋರು ಸದ್ದು ಎಷ್ಟು ಗಂಟೆಗೆ ಅಂತ ನನಗೆ ಮೊದಲೇ ಗೊತ್ತಿತ್ತು. ಲಗ್ನಪತ್ರಿಕೆಯಲ್ಲೇ ಅಚ್ಚಾಗಿರುತ್ತಲ್ಲ! ಮುಹೂರ್ತ 12.05ಕ್ಕೆ. 11.55ಕ್ಕೆ ಅವನನ್ನು ಹೊರಗೆ ಕರೆದುಕೊಂಡು ಹೋಗೋದು, ಸೀದಾ ಊಟಕ್ಕೆ ಬರೋದು ಅಂತ ಲೆಕ್ಕ ಹಾಕಿದ್ದೆ. ಪುರೋಹಿತರಿಗೆ ಇನ್ನೊಂದು ಮದುವೆ ಇತ್ತೋ ಏನೋ, 11.40ಕ್ಕೇ “ಗಟ್ಟಿಮೇಳ, ಗಟ್ಟಿಮೇಳ” ಅಂದುಬಿಟ್ಟರು. ಓಲಗದವರ ಡೋಲಿಗೆ ಮೈಕ್ ಬೇರೆ.

ತಮ್ಮ ಕಿವಿ ಮುಚ್ಚಿಕೊಂಡು ಕಿರುಚಿದ. ಕೈ ಕಚ್ಚಿಕೊಂಡ. ಮುಂದಿದ್ದ ಪ್ಲಾಸ್ಟಿಕ್ ಕುರ್ಚಿ ಹಾರಿತು. ದೊಡ್ಡಪ್ಪ, ಮಾವ, ಭಾವ ಎಲ್ಲ “ಹಿಡ್ಕೊಳ್ರೋ” ಅಂತ ಓಡಿ ಬಂದರು. ಹಿಡಿದಷ್ಟೂ ಒದ್ದಾಡಿದ. ಒಬ್ಬರು “ಏನ್ ಬೇಕೋ ಕಂದಾ, ಹೇಳೋ” ಅಂತ ಕಿವಿಯ ಹತ್ತಿರವೇ ಕೂಗಿದರು. ಇನ್ನೊಬ್ಬರು ಬಾಯಿಗೆ ಲಾಡು ಹಿಡಿದರು. ಲಾಡಿಗೆ ಹಟ ಹಿಡಿದ ಮಗು ಲಾಡು ಸಿಕ್ಕರೆ ಸುಮ್ಮನಾಗುತ್ತೆ. ಇದು ಹಟ ಅಲ್ಲ. ಕೊಡ ತುಂಬಿ ಚೆಲ್ಲುತ್ತಿದೆ, ನಿಮ್ಮ ಸಮಾಧಾನದ ಮಾತೂ ಅದಕ್ಕೆ ಬೀಳುವ ನೀರೇ.

ಎಲ್ಲರಿಗೂ ಬೈದು ದೂರ ಕಳಿಸಿದೆ. (ಭಾವ ಈಗಲೂ ನನ್ನ ಜೊತೆ ಮಾತಾಡಲ್ಲ. ಲಾಭವೇ.) ಅಡುಗೆಮನೆ ಪಕ್ಕದ ಉಗ್ರಾಣಕ್ಕೆ ಅವನನ್ನು ಕರೆದೊಯ್ದು ಲೈಟ್ ಆರಿಸಿದೆ. ಮುಟ್ಟಲಿಲ್ಲ, ಮಾತಾಡಲಿಲ್ಲ. ತಲೆ ಚಚ್ಚಿಕೊಳ್ಳುತ್ತಿದ್ದ ಕಡೆ ಗೋಡೆಗೆ ಒಂದು ಖಾಲಿ ಗೋಣಿಚೀಲ ಮಡಿಚಿ ಅಡ್ಡ ಹಿಡಿದೆ, ಅಷ್ಟೇ. 25 ನಿಮಿಷ ಬೇಕಾಯಿತು.

“ಮಾತ್ರೆ ಇಲ್ವಾ?” ಇದೆ. ರಿಸ್ಪೆರಿಡೋನ್. ಡಾಕ್ಟರು ಬರೆದುಕೊಟ್ಟಿದ್ದಾರೆ. ಸಿಡುಕು ಸ್ವಲ್ಪ ತಗ್ಗಿದೆ, ಹಸಿವು, ತೂಕ ಜಾಸ್ತಿಯಾಗಿದೆ. ಆದರೆ ಅದು ಗಟ್ಟಿಮೇಳವನ್ನು ಮೆಲ್ಲಗೆ ಮಾಡಲ್ಲ.

“ನಾಲ್ಕು ಬಿಟ್ಟರೆ ಸರಿಹೋಗ್ತಾನೆ” ಅನ್ನುವವರೂ ಇದ್ದಾರೆ. ನಾನೂ ಒಂದು ಸಲ ಬಿಟ್ಟಿದ್ದೇನೆ. ಆಗ ಅವನಿಗೆ 16. ವಾರವೆಲ್ಲ ಕಾರಣವಿಲ್ಲದೆ ಸಿಡಿಯುತ್ತಿದ್ದ, ಕೆನ್ನೆಗೆ ಬಾರಿಸಿದೆ. ಆಮೇಲೆ ಗೊತ್ತಾಯಿತು, ಅದೇ ಕೆನ್ನೆಯೊಳಗಿನ ದವಡೆಹಲ್ಲು ಹುಳುಕಾಗಿತ್ತು. ನೋವು ಅಂತ ಹೇಳಲು ಅವನಿಗೆ ಬಂದಿರಲಿಲ್ಲ. ಈಗ ಹೊಸದಾಗಿ ಸಿಟ್ಟು ಶುರುವಾದರೆ ಮೊದಲು ಹಲ್ಲು, ಕಿವಿ, ಮಲಬದ್ಧತೆ ಇದೆಯಾ ಅಂತ ನೋಡುತ್ತೇವೆ.

ಅದಿರಲಿ. “ಆಮೇಲೆ ಅವನಿಗೆ ಹೇಗಿರುತ್ತೆ?” ಅಂತ ಯಾಕೆ ಯಾರೂ ಕೇಳಲ್ಲ? ಜ್ವರ ಬಿಟ್ಟವನ ಹಾಗಿರುತ್ತಾನೆ. ಅವತ್ತು ಉಗ್ರಾಣದಲ್ಲಿ ಬದನೆಕಾಯಿ ಬುಟ್ಟಿಗೆ ಒರಗಿ ನಿದ್ದೆ ಹೋದ. ಎದ್ದಾಗ ಮೂರನೇ ಪಂಕ್ತಿ ನಡೀತಿತ್ತು. ಎಲೆ ಮುಂದೆ ಕೂತು, ಅನ್ನ ಮುಟ್ಟದೆ ಕೇಳಿದ: “ಅಕ್ಕ ಸಿಟ್ಟಾ?”

“ಇಲ್ಲ ಪುಟ್ಟಾ.”

ಎರಡು ದಿನ ಇದೇ. ಬಸ್ಸಿನಲ್ಲಿ, ಬಚ್ಚಲುಮನೆ ಬಾಗಿಲಲ್ಲಿ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ. ಪ್ರತಿ ಸಲ ಅದೇ ಮಾತು, ಅದೇ ದನಿಯಲ್ಲಿ ಹೇಳಬೇಕು. ದನಿ ಚೂರು ಬದಲಾದರೂ ಹಿಡಿದುಬಿಡುತ್ತಾನೆ. ನಲವತ್ತನೇ ಸಲಕ್ಕೆ ನಿಜವಾಗಲೂ ಸಿಟ್ಟು ಬಂತು. “ಇಲ್ಲ ಪುಟ್ಟಾ” ಅಂದೆ.