ಹಾಗರಳನ್ನು ಹೆಸರು ಹಿಡಿದು ಕರೆದವರು ಯಾರು?

ನಮಗೆ ಬೈಬಲ್‌ನ ಮೊದಲ ಭಾಗವಾದ ಹಳೆ ಒಡಂಬಡಿಕೆ ಕಲಿಸುತ್ತಿದ್ದ ಮೇಷ್ಟ್ರು ನೋಟ್ಸ್ ಕೊಡುತ್ತಿರಲಿಲ್ಲ. ಪೆನ್ಸಿಲ್ ತರಲು ಹೇಳುತ್ತಿದ್ದರು. ಒಮ್ಮೆ ಅದರ ಮೊದಲ ಪುಸ್ತಕ ಆದಿಕಾಂಡದ 16ನೇ ಅಧ್ಯಾಯ ತೆಗೆಸಿ, "ಹಾಗರಳನ್ನು ಯಾರ್ಯಾರು ಏನಂತ ಕರೀತಾರೆ, ಗೆರೆ ಹಾಕಿ" ಅಂದರು.

ಸುಲಭದ ಕೆಲಸ, ಅಲ್ವಾ? ಒಡತಿ ಸಾರಯಳಿಗೆ ಆಕೆ "ನನ್ನ ದಾಸಿ". ಸಾರಯಳ ಗಂಡ ಅಬ್ರಾಮ ಹೆಂಡತಿಗೆ ಹೇಳುವಾಗ "ನಿನ್ನ ದಾಸಿ". ಕಥೆ ಹೇಳುವವನು ಹೆಸರು ಹೇಳುತ್ತಾನೆ, ಆ ಮನೆಯವರು ಒಮ್ಮೆಯೂ ಹೇಳುವುದಿಲ್ಲ. ಅಬ್ರಾಮನಿಂದ ಬಸುರಿಯಾದ ಹಾಗರ ಒಡತಿಯ ಕಾಟ ತಾಳದೆ ಮರುಭೂಮಿಗೆ ಓಡುತ್ತಾಳೆ. ಶೂರಿನ ದಾರಿಯಲ್ಲಿ, ನೀರಿನ ಬುಗ್ಗೆಯ ಹತ್ತಿರ, ದೇವದೂತ ಕರೆಯುತ್ತಾನೆ: "ಸಾರಯಳ ದಾಸಿ ಹಾಗರಳೇ, ಎಲ್ಲಿಂದ ಬಂದೆ? ಎಲ್ಲಿಗೆ ಹೋಗುತ್ತೀ?" ದಾಸಿ ಅನ್ನುವುದು ಇಲ್ಲೂ ತಪ್ಪಲಿಲ್ಲ. ಆದರೂ ಹೆಸರು ಬಂತು. ಎಲ್ಲಿಂದ ಅನ್ನುವುದಕ್ಕೆ ಮಾತ್ರ ಆಕೆ ಉತ್ತರ ಕೊಡುತ್ತಾಳೆ. ಎಲ್ಲಿಗೆ ಅನ್ನುವುದಕ್ಕೆ ಇಲ್ಲ.

ಮುಂದಿನ ಮಾತು ನನಗೆ ಇವತ್ತಿಗೂ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. "ಒಡತಿಯ ಹತ್ತಿರ ವಾಪಸ್ ಹೋಗಿ ತಗ್ಗಿ ನಡೆ." ಕ್ಲಾಸಿನ ಹುಡುಗಿಯರು ಜೋರಾಗಿಯೇ ಜಗಳ ತೆಗೆದರು. ಮೇಷ್ಟ್ರು ದೇವರ ಪರ ವಕಾಲತ್ತು ಮಾಡಲಿಲ್ಲ. "ಮುಂದೆ ಓದಿ" ಅಂದರು ಅಷ್ಟೇ. ಮುಂದೆ ಆ ಐಗುಪ್ತದ (ಈಜಿಪ್ಟಿನ) ದಾಸಿಯೇ ದೇವರಿಗೆ ಹೆಸರಿಡುತ್ತಾಳೆ: ನನ್ನನ್ನು ನೋಡುವ ದೇವರು. ಬೈಬಲ್‌ನಲ್ಲಿ ಆಕೆಗಿಂತ ಮೊದಲು ಯಾರೂ ಆ ಧೈರ್ಯ ಮಾಡಿಲ್ಲ.

ಅದೇ ಪುಸ್ತಕದಲ್ಲಿ ಮುಂದೆ ಬರುವ, ಅಬ್ರಾಮನ ಮೊಮ್ಮಗ ಯಾಕೋಬನ ಪಾಡು ಬೇರೆ. ಅವನಿಗೆ ಹೆಸರಿತ್ತು, ಅದನ್ನೇ ಮುಚ್ಚಿಟ್ಟ. ಅಣ್ಣ ಏಸಾವನಿಗೆ ಸಲ್ಲಬೇಕಾದ ಆಶೀರ್ವಾದ ಪಡೆಯಲು, ಅವನ ಕೂದಲಿನ ಕೈಯಂತೆ ಇರಲಿ ಅಂತ ಕೈಗೆ ಆಡಿನ ಮರಿಯ ಚರ್ಮ ಸುತ್ತಿಕೊಂಡು, ಕಣ್ಣು ಮಂಜಾದ ಅಪ್ಪನ ಮುಂದೆ ನಿಂತ. "ನೀನು ಯಾರಪ್ಪಾ?" ಅಂದರೆ "ಏಸಾವ, ನಿನ್ನ ಹಿರೀ ಮಗ" ಅಂದ. ಆಮೇಲೆ 20 ವರ್ಷ ಸೋದರಮಾವ ಲಾಬಾನನ ಮನೆಯಲ್ಲಿ ದುಡಿತ. ವಾಪಸ್ ಬರುವಾಗ ಯಬ್ಬೋಕ್ ಹೊಳೆಯ ಹತ್ತಿರ ಯಾರೋ ಅಪರಿಚಿತನ ಜೊತೆ ರಾತ್ರಿಯಿಡೀ ಕುಸ್ತಿ. ತೊಡೆಯ ಕೀಲು ತಪ್ಪಿದ ಮೇಲೆ ಎದುರಾಳಿ ಕೇಳುತ್ತಾನೆ, "ನಿನ್ನ ಹೆಸರೇನು?" ಈ ಸಲ "ಯಾಕೋಬ" ಅಂದ. ಇಸ್ರಾಯೇಲ್ ಅನ್ನುವ ಹೊಸ ಹೆಸರು ಸಿಕ್ಕಿತು. ಆದರೆ ತಮಾಷೆ ನೋಡಿ, ದೇವರು ಹೆಸರು ಬದಲಿಸಿ ಅಬ್ರಹಾಮನಾದ ಮೇಲೆ ಅಬ್ರಾಮ ಮತ್ತೆ ಅಬ್ರಾಮನಾಗುವುದಿಲ್ಲ. ಇವನು ಮಾತ್ರ ಮುಂದೆಯೂ ಯಾಕೋಬನಾಗಿ ಬರುತ್ತಲೇ ಇರುತ್ತಾನೆ. ಹಳೇ ಮನುಷ್ಯ ಒಂದೇ ರಾತ್ರಿಯಲ್ಲಿ ಪೂರ್ತಿ ಹೋಗಿಬಿಡುತ್ತಾನೆ ಅಂತ ಈ ಕಥೆ ನಂಬಿಸಲು ನೋಡುವುದಿಲ್ಲ. ಅದಕ್ಕೇ ನನಗೆ ಇಷ್ಟ.

ಎದುರಾಳಿಯ ಹೆಸರನ್ನು ಅವನೂ ಕೇಳಿದ, ಸಿಗಲಿಲ್ಲ. ಬೆಳಿಗ್ಗೆ ಕುಂಟುತ್ತಲೇ ಹೊರಟ. ಏಸಾವ ಓಡಿಬಂದು ತಬ್ಬಿಕೊಂಡ. ಯಾರ ಹೆಸರು ಹೇಳಿ ಅಪ್ಪನಿಗೆ ಮೋಸ ಮಾಡಿದ್ದನೋ, ಅದೇ ಅಣ್ಣನಿಗೆ ಅಂದ: "ನಿನ್ನ ಮುಖ ನೋಡಿದ್ದು ದೇವರ ಮುಖ ನೋಡಿದ ಹಾಗಾಯಿತು." ಮೇಷ್ಟ್ರು ಈ ಸಾಲನ್ನು ನಮ್ಮಿಂದ ಜೋರಾಗಿ ಓದಿಸುತ್ತಿದ್ದರು. ಪರೀಕ್ಷೆಯಲ್ಲಿ ಮಾತ್ರ ಒಮ್ಮೆಯೂ ಕೇಳಲಿಲ್ಲ.